ಚಿತ್ರದ ಬೆಲೆ ಯಾರು ಹೇಳಬೇಕು?

ಒಂದು ಕಿಲೋ ಅಕ್ಕಿಗೆ ಅಂಗಡಿಯವರು ಹತ್ತು ಪಟ್ಟು ಬೆಲೆ ಹೇಳಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಏಕೆಂದರೆ ಅಕ್ಕಿಯ ಬೆಲೆ ಎಲ್ಲರಿಗೂ ಗೊತ್ತು. ಆದರೆ ಒಂದು ವರ್ಣಚಿತ್ರದ ಬೆಲೆ ಎಷ್ಟು? ಕೊಳ್ಳುವವರು ಕೊಟ್ಟಷ್ಟು! ಅಕ್ರಮ ಹಣ ಇರುವವರಿಗೆ ಬೇಕಾಗಿರುವುದೂ ಇದೇ.

ಅಪರಾಧದಿಂದ ಬಂದ ಹಣವನ್ನು ನ್ಯಾಯವಾದ ಗಳಿಕೆಯಂತೆ ತೋರಿಸುವುದೇ ಮನಿ ಲಾಂಡರಿಂಗ್. ಇದರಲ್ಲಿ ಮೂರು ಹಂತಗಳಿವೆ.

1. ಪ್ಲೇಸ್‌ಮೆಂಟ್: ಹಣವನ್ನು ಬ್ಯಾಂಕು ಅಥವಾ ವ್ಯಾಪಾರದೊಳಗೆ ಸೇರಿಸುವುದು.
2. ಲೇಯರಿಂಗ್: ಹಲವು ಖಾತೆಗಳಿಗೆ ದಾಟಿಸಿ ಅದರ ಮೂಲವನ್ನು ಮರೆಮಾಚುವುದು.
3. ಇಂಟಿಗ್ರೇಷನ್: ಸಕ್ರಮ ಹಣದಂತೆ ಹೊರಗೆ ತರುವುದು.

ಒಂದು ಉದಾಹರಣೆ ನೋಡೋಣ. ಒಬ್ಬ ವ್ಯಕ್ತಿ 5,000 ರೂಪಾಯಿಗೆ ಚಿತ್ರವೊಂದನ್ನು ಕೊಳ್ಳುತ್ತಾನೆ. ತನ್ನದೇ ಅಕ್ರಮ ಹಣವನ್ನು ಬೇರೆಯವರ ಹೆಸರಿನ ಕಂಪನಿಗೆ ಸೇರಿಸಿ, ಆ ಕಂಪನಿಗೆ ಅದೇ ಚಿತ್ರವನ್ನು 50 ಲಕ್ಷಕ್ಕೆ ಮಾರುತ್ತಾನೆ. ಬ್ಯಾಂಕ್ ಖಾತೆ ಡೆಬಿಟ್, ಮಾರಾಟ ಖಾತೆ ಕ್ರೆಡಿಟ್. ಜರ್ನಲ್ ಎಂಟ್ರಿ ಸರಿಯಾಗಿದೆ, ವ್ಯವಹಾರ ಮಾತ್ರ ಸುಳ್ಳು.

ಬೆಲೆಯನ್ನು ಏರಿಸುವಂತೆ ಇಳಿಸಲೂಬಹುದು. ಬ್ರೆಜಿಲ್‌ನ ಬ್ಯಾಂಕ್ ಮಾಲೀಕರೊಬ್ಬರ ಸಂಗ್ರಹದಲ್ಲಿ ಬಾಸ್ಕಿಯಾ ಎಂಬ ಕಲಾವಿದರ ‘ಹ್ಯಾನಿಬಲ್’ ಚಿತ್ರವಿತ್ತು. ಬ್ಯಾಂಕಿನ ಹಗರಣದ ಪ್ರಕರಣದಲ್ಲಿ ಅವರ ಕಲಾಸಂಗ್ರಹವನ್ನು ವಶಪಡಿಸಿಕೊಳ್ಳಲು ನ್ಯಾಯಾಲಯ ಆದೇಶಿಸಿತು. ಆದರೆ 2007ರಲ್ಲಿ ಆ ಚಿತ್ರ ಅಮೆರಿಕಕ್ಕೆ ಬಂದಿಳಿಯಿತು. ಸುಮಾರು 80 ಲಕ್ಷ ಡಾಲರ್ ಬಾಳುವ ಚಿತ್ರಕ್ಕೆ ಇನ್‌ವಾಯ್ಸ್‌ನಲ್ಲಿ ಬರೆದಿದ್ದ ಬೆಲೆ 100 ಡಾಲರ್! ಅಧಿಕಾರಿಗಳು ಅದನ್ನು ಪತ್ತೆಹಚ್ಚಿದರು. 2015ರಲ್ಲಿ ಚಿತ್ರ ಬ್ರೆಜಿಲ್‌ಗೆ ಮರಳಿತು.

ಎನ್‌ಎಫ್‌ಟಿ ಎಂಬ ಡಿಜಿಟಲ್ ಸಂಗ್ರಹವಸ್ತುಗಳಲ್ಲಿ ಈ ಆಟ ಇನ್ನೂ ಸುಲಭ. ಸಾಗಿಸುವ ತೊಂದರೆ ಇಲ್ಲ, ಕಸ್ಟಮ್ಸ್ ಇಲ್ಲ. ಒಬ್ಬರೇ ಎರಡು ವಾಲೆಟ್ ತೆರೆದು ತಮಗೆ ತಾವೇ ಮಾರಿಕೊಳ್ಳಬಹುದು. 2021ರ ಅಕ್ಟೋಬರ್‌ನಲ್ಲಿ ‘ಕ್ರಿಪ್ಟೊಪಂಕ್ 9998’ ಸುಮಾರು 53 ಕೋಟಿ ಡಾಲರ್‌ಗೆ ಮಾರಾಟವಾದಂತೆ ದಾಖಲಾಯಿತು. ನೋಡಿದರೆ ಮಾರಿದವರೂ ಕೊಂಡವರೂ ಒಬ್ಬರೇ. ಸಾಲದ ಹಣದಲ್ಲಿ ಕೊಂಡು ತಕ್ಷಣ ಸಾಲ ತೀರಿಸಿದ್ದರು. ಅದು ಮನಿ ಲಾಂಡರಿಂಗ್ ಅಲ್ಲ. ಆದರೆ ದಾಖಲೆಯಲ್ಲಿರುವ ಬೆಲೆಯನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಸಾಕ್ಷಿ.

ನಮ್ಮ ದೇಶದಲ್ಲಿ 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಇದೆ. 2023ರ ಮಾರ್ಚ್‌ನಿಂದ ಕ್ರಿಪ್ಟೊ ವಹಿವಾಟು ನಡೆಸುವ ಸಂಸ್ಥೆಗಳೂ ಇದರಡಿ ಬಂದಿವೆ. ಅವು ಗ್ರಾಹಕರ ಗುರುತು ಪರಿಶೀಲಿಸಬೇಕು, ಅನುಮಾನ ಬಂದರೆ ವರದಿ ಮಾಡಬೇಕು. ಗೊತ್ತಿದ್ದೂ ನೆರವಾದವರೂ ಈ ಕಾಯ್ದೆಯಡಿ ಅಪರಾಧಿಗಳೇ. ಸಾಮಾನ್ಯವಾಗಿ ಶಿಕ್ಷೆ 3ರಿಂದ 7 ವರ್ಷ ಕಠಿಣ ಸೆರೆವಾಸ.

ಇದೆಲ್ಲ ಕೋಟ್ಯಧಿಪತಿಗಳ ವಿಷಯ, ನಮಗೇಕೆ ಅನ್ನಬೇಡಿ. ಕಳೆದ ವರ್ಷ ನನ್ನ ಖಾಲಾ ಅವರ ಮಗನಿಗೆ ಪರಿಚಯದವರೊಬ್ಬರು, “ನಿನ್ನ ಖಾತೆಗೆ ಹಣ ಬರುತ್ತದೆ, ಮುಂದಕ್ಕೆ ಕಳಿಸು ಸಾಕು, ನೂರಕ್ಕೆ ಎರಡು ರೂಪಾಯಿ ನಿನಗೆ” ಎಂದರು. ಅವನು ಒಪ್ಪಿದ. ಎರಡು ವಾರದಲ್ಲಿ ಖಾತೆ ಫ್ರೀಜ್ ಆಯಿತು. ಅದರಲ್ಲಿದ್ದ ಅವನ ಸ್ಕಾಲರ್‌ಶಿಪ್ ಹಣವೂ ಸಿಕ್ಕಿಬಿತ್ತು, ಫೀಸು ಕಟ್ಟಲು ಖಾಲಾ ತಮ್ಮ ಬಳೆ ಅಡವಿಟ್ಟರು. ಪುಸ್ತಕದಲ್ಲಿ ಓದುವ ಲೇಯರಿಂಗ್ ಇದೇ. ಅವನಿಗೆ ಅರಿವಿಲ್ಲದೆ ಅವನೇ ಒಂದು ಪದರವಾಗಿದ್ದ.

ಆ ದಿನ ನಮ್ಮ ಅಬ್ಬಾ ಅವನನ್ನು ಬೈಯಲಿಲ್ಲ. “ಯೆ ಪೈಸೆ ಕಹಾಂ ಸೆ ಆಯೆ?” ಎಂದಷ್ಟೇ ಕೇಳಿದರು. ಈ ಹಣ ಎಲ್ಲಿಂದ ಬಂತು? ಅವನ ಬಳಿ ಉತ್ತರವಿರಲಿಲ್ಲ.

ಕಾಯ್ದೆ ಕೇಳುವುದೂ ಇದೇ ಪ್ರಶ್ನೆಯನ್ನು. ಗೆಳೆಯರೇ, ಖಾತೆಯಾಗಲಿ ವಾಲೆಟ್ ಆಗಲಿ ಯಾರಿಗಾದರೂ ಕೊಡುವ ಮೊದಲು ನಾವೂ ಒಮ್ಮೆ ಕೇಳಿಕೊಳ್ಳೋಣ.