ಬಜಪೆಯಿಂದ ಬೆಂಗಳೂರು: ದೂರ ಎಷ್ಟು? ಹೊತ್ತು ಎಷ್ಟು?

ಮಕ್ಕಳೇ, ರಾತ್ರಿ ಅಂಬಲಪಾಡಿ ಜಂಕ್ಷನ್ನಿನಲ್ಲಿ ಬೆಂಗಳೂರಿಗೆ ಹೊರಟ ಬಸ್ಸುಗಳನ್ನು ನೀವು ನೋಡಿರುತ್ತೀರಿ. ಅವು ಘಾಟಿ ಹತ್ತಿ, ಸುಮಾರು 400 ಕಿ.ಮೀ. ಸಾಗಿ, ಬೆಳಿಗ್ಗೆ ಬೆಂಗಳೂರು ಮುಟ್ಟುತ್ತವೆ. ಆದರೆ ನಮಗೆ ಹತ್ತಿರದ ಬಜಪೆ ವಿಮಾನ ನಿಲ್ದಾಣದಿಂದ ಹೊರಡುವ ವಿಮಾನದ ಟಿಕೆಟ್ಟಿನಲ್ಲಿ ಪ್ರಯಾಣದ ಅವಧಿ ಸುಮಾರು 1 ಗಂಟೆ ಮಾತ್ರ! 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ನಿಲ್ದಾಣ ಇದು. ಈ 1 ಗಂಟೆಯ ಲೆಕ್ಕವನ್ನು ನಾವೇ ಮಾಡೋಣ.

ಅಟ್ಲಾಸಿನಿಂದ ದೂರ

ವಿಮಾನಕ್ಕೆ ಘಾಟಿಯ ತಿರುವುಗಳಿಲ್ಲ. ಆದ್ದರಿಂದ ನಮಗೆ ಬೇಕಾದದ್ದು ನೇರ ದೂರ. ಬಜಪೆ ಮತ್ತು ದೇವನಹಳ್ಳಿ ಬಳಿಯ ಬೆಂಗಳೂರು ವಿಮಾನ ನಿಲ್ದಾಣ ಎರಡೂ 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇವೆ. ರೇಖಾಂಶಗಳು 74.9 ಮತ್ತು 77.7. ವ್ಯತ್ಯಾಸ 2.8 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ 1 ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿ.ಮೀ.

2.8 × 108 = 302.4 ಕಿ.ಮೀ.

ಸುಲಭವಾಗಲೆಂದು 300 ಕಿ.ಮೀ. ಎಂದಿಟ್ಟುಕೊಳ್ಳೋಣ.

ಲೆಕ್ಕಕ್ಕೂ ಟಿಕೆಟ್ಟಿಗೂ ಏಕೆ ವ್ಯತ್ಯಾಸ?

ಕಾಲ = ದೂರ ÷ ವೇಗ. ಪ್ರೊಪೆಲ್ಲರ್ ಇರುವ ಎಟಿಆರ್ 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆಗ ಬೇಕಾದ ಕಾಲ 36 ನಿಮಿಷ. ಗಂಟೆಗೆ 800 ಕಿ.ಮೀ. ಹೋಗುವ ಜೆಟ್ ವಿಮಾನಕ್ಕೆ ಸುಮಾರು 22 ನಿಮಿಷ. ಉಳಿದ ಹೊತ್ತು ಎಲ್ಲಿ ಹೋಯಿತು?

ಟಿಕೆಟ್ಟಿನ ಲೆಕ್ಕ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ರನ್‌ವೇ ತನಕ ನೆಲದ ಮೇಲೆ ನಿಧಾನವಾಗಿ ಸಾಗಬೇಕು. ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ಇಳಿಯಲು ಸರದಿ ಕಾಯಬೇಕಾಗಬಹುದು. ಗಾಳಿ ಎದುರಾಗಿ ಬೀಸುವ ದಿಕ್ಕಿನಲ್ಲಿ ಇಳಿಯಲು ಸುತ್ತಿ ಬರಬೇಕಾಗಬಹುದು.

ಮನೆಯಿಂದ ಲೆಕ್ಕ

ಅಂಬಲಪಾಡಿಯಿಂದ ಹೊರಟವರ ಒಂದು ಅಂದಾಜು ನೋಡಿ:

ಬಜಪೆಗೆ ರಸ್ತೆಯಲ್ಲಿ – ಒಂದೂವರೆ ಗಂಟೆ
ಮುಂಚಿತವಾಗಿ ಹೋಗಿ ಕಾಯುವುದು – 2 ಗಂಟೆ
ವಿಮಾನ – 1 ಗಂಟೆ
ಇಳಿದು ಸಾಮಾನು ಪಡೆಯಲು – ಅರ್ಧ ಗಂಟೆ
ದೇವನಹಳ್ಳಿಯಿಂದ ಮೆಜೆಸ್ಟಿಕ್ – ಒಂದೂವರೆ ಗಂಟೆ

ಒಟ್ಟು ಆರೂವರೆ ಗಂಟೆ! ಇದರಲ್ಲಿ ವಿಮಾನದ ಪಾಲು 1 ಗಂಟೆ ಮಾತ್ರ.

ನಿಮಿಷವೇ ಪ್ರಾಣವಾದಾಗ

ಒಬ್ಬರು ದಾನ ಮಾಡಿದ ಹೃದಯವನ್ನು ಹೊರತೆಗೆದು ಐಸಿನ ಪೆಟ್ಟಿಗೆಯಲ್ಲಿ ಸಾಗಿಸುವಾಗ, ಸಾಮಾನ್ಯವಾಗಿ 4 ಗಂಟೆಯೊಳಗೆ ಇನ್ನೊಬ್ಬರಿಗೆ ಜೋಡಿಸಬೇಕು. ಮಣಿಪಾಲದ ಆಸ್ಪತ್ರೆಯಿಂದ ಬೆಂಗಳೂರಿನ ರೋಗಿಗೆ ಹೃದಯ ಹೋಗಬೇಕು ಎಂದುಕೊಳ್ಳಿ. ಆರೂವರೆ ಗಂಟೆಯ ದಾರಿ ಸಾಕಾಗದು. ಇನ್ನೂ ವೇಗದ ವಿಮಾನ ತಂದರೆ? ಮೇಲಿನ ಲೆಕ್ಕದಂತೆ ಉಳಿಯುವುದು ಸುಮಾರು 14 ನಿಮಿಷ ಮಾತ್ರ. ನೆಲದ ಮೇಲಾದರೆ ಗಂಟೆಗಟ್ಟಲೆ ಉಳಿಸಬಹುದು. ಅದಕ್ಕೇ ಇಂತಹ ಸಮಯದಲ್ಲಿ ಪೊಲೀಸರು ಇತರ ವಾಹನಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸುತ್ತಾರೆ. ಇದಕ್ಕೆ ಝೀರೋ ಟ್ರಾಫಿಕ್ ಎನ್ನುತ್ತಾರೆ. ಸೈರನ್ ಕೇಳಿದ ಕೂಡಲೇ ನಾವು ಬದಿಗೆ ಸರಿಯುವುದೂ ಈ ಲೆಕ್ಕದ ಒಂದು ಭಾಗವೇ.

ಮಾಡಿ ನೋಡಿ

1. ಅಟ್ಲಾಸಿನಲ್ಲಿ ಮಂಗಳೂರು–ಬೆಂಗಳೂರು ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ನಕಾಶೆಯ ಪ್ರಮಾಣ ಬಳಸಿ ಕಿ.ಮೀ.ಗೆ ಬದಲಾಯಿಸಿ. 300ಕ್ಕೆ ಎಷ್ಟು ಹತ್ತಿರ ಬಂತು?
2. 400 ಕಿ.ಮೀ. ದಾರಿಗೆ ಬಸ್ಸು 10 ಗಂಟೆ ತೆಗೆದುಕೊಂಡರೆ ಸರಾಸರಿ ವೇಗ ಎಷ್ಟು?
3. ಮೇಲಿನ ಪಟ್ಟಿಯಲ್ಲಿ ಹೃದಯದ ಪೆಟ್ಟಿಗೆಗೆ ಬೇಡವಾದ ಸಾಲುಗಳು ಯಾವುವು? ಅವನ್ನು ಹೊಡೆದುಹಾಕಿ ಮತ್ತೆ ಕೂಡಿಸಿ. 4 ಗಂಟೆಯಲ್ಲಿ ವೈದ್ಯರ ಕೈಗೆ ಎಷ್ಟು ಹೊತ್ತು ಉಳಿಯಿತು?