ಸಮುದ್ರಯಾನ ಸ್ವಾತಂತ್ರ್ಯ

ನೆಲದ ಮೇಲೆ ಗಡಿಕಲ್ಲು ನೆಡಬಹುದು. ನೀರಿನ ಮೇಲೆ ನೆಡಲಾದೀತೆ? ಆದರೂ ಕಡಲಿಗೆ ತಾವೇ ಒಡೆಯರೆಂದು ಸಾರಿದವರು ಚರಿತ್ರೆಯಲ್ಲಿ ಇದ್ದಾರೆ.

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. ಅದಕ್ಕೆ ಮುಂಚೆ ಅರಬ್ಬೀ ಸಮುದ್ರದಲ್ಲಿ ಅರಬರೂ ಗುಜರಾತಿಗಳೂ ಮಲಬಾರಿನವರೂ ವ್ಯಾಪಾರ ನಡೆಸುತ್ತಿದ್ದರು. ನಮ್ಮ ಬಸ್ರೂರು, ಭಟ್ಕಳಗಳಿಂದ ಅಕ್ಕಿ ಹೊರನಾಡಿಗೆ ಹೋಗುತ್ತಿತ್ತು. ವರ್ತಕರು ಬಂದರಿನಲ್ಲಿ ಸುಂಕ ತೆರುತ್ತಿದ್ದರು. ನಡುಗಡಲನ್ನು ದಾಟಲು ಯಾರೊಬ್ಬರ ಅಪ್ಪಣೆಯೂ ಬೇಕಿರಲಿಲ್ಲ. ಪೋರ್ತುಗೀಜರು ‘ಕರ್ತಾಜ್’ ಎಂಬ ರಹದಾರಿಯನ್ನು ಜಾರಿಗೆ ತಂದರು. ಅದಿಲ್ಲದ ಹಡಗನ್ನು ಸರಕಿನೊಡನೆ ಸೆರೆಹಿಡಿಯುತ್ತಿದ್ದರು. ನಮ್ಮ ಕಡಲಿನಲ್ಲಿ ನಾವು ಸಂಚರಿಸಲು ಪರದೇಶೀಯರ ಅನುಮತಿ ಬೇಕಾಯಿತು! ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಕಪ್ಪ ಕೊಡಲೊಪ್ಪದೆ ಎದುರಿಸಿ ನಿಂತಳು.

1609ರಲ್ಲಿ ಹಾಲೆಂಡಿನ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸನು ‘ಮುಕ್ತ ಸಮುದ್ರ’ವೆಂಬ ಅರ್ಥದ ಹೆಸರುಳ್ಳ ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ಹಿಡಿದಿಡಲಾಗದ, ಬಳಸಿದರೂ ಸವೆಯದ ಕಡಲು ಯಾರೊಬ್ಬರ ಸ್ವತ್ತೂ ಆಗಲಾರದೆಂಬುದು ಅವನ ವಾದ. ಆದರೆ ಬಲ ಕೈಗೂಡಿದ ಮೇಲೆ ಡಚ್ಚರೇ ಏಷ್ಯದ ವರ್ತಕರ ಮೇಲೆ ತಮ್ಮ ರಹದಾರಿಗಳನ್ನು ಹೇರಿದರು. ಒಬ್ಬ ಬಲಿಷ್ಠನ ಮಾತನ್ನು ನಂಬಿದರೆ ಈ ಸ್ವಾತಂತ್ರ್ಯ ಉಳಿಯದು. ಎಲ್ಲರೂ ಒಪ್ಪಿ ನಡೆಯುವ ಕಟ್ಟಳೆಯೇ ಅದಕ್ಕೆ ಆಧಾರ.

ಅಂಥ ಕಟ್ಟಳೆಯೇ ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನಿನ ಒಡಂಬಡಿಕೆ. ಭಾರತವು ಇದನ್ನು 1995ರಲ್ಲಿ ಅನುಮೋದಿಸಿತು. ಇದರಂತೆ ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರುಗಳವರೆಗಿನ ಕಡಲು ಆಯಾ ದೇಶಕ್ಕೆ ಸೇರಿದ್ದು. ಅಲ್ಲಿಯೂ ಕೇಡೆಣಿಸದೆ ಹಾದುಹೋಗುವ ಪರದೇಶದ ಹಡಗಿಗೆ ದಾರಿಯುಂಟು. 200 ಮೈಲಿಯವರೆಗಿನ ಮೀನು, ಖನಿಜಗಳ ಮೇಲೆ ತೀರದ ದೇಶಕ್ಕೆ ಹಕ್ಕು. ಆದರೆ 12 ಮೈಲಿಯಾಚೆ ಹಡಗಿನ ಸಂಚಾರ ಎಲ್ಲರಿಗೂ ಮುಕ್ತ.

ಮೂರು ದಿಕ್ಕಿನಲ್ಲಿ ಕಡಲುಳ್ಳ ನಮ್ಮ ದೇಶಕ್ಕೆ ಇದು ಬರಿಯ ನ್ಯಾಯಶಾಸ್ತ್ರದ ಚರ್ಚೆಯಲ್ಲ. ತೂಕದ ಲೆಕ್ಕದಲ್ಲಿ ನಮ್ಮ ವಿದೇಶ ವ್ಯಾಪಾರದ ನೂರಕ್ಕೆ ಸುಮಾರು 95 ಪಾಲು ಸಾಗುವುದು ಹಡಗಿನಲ್ಲಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ ಅನೇಕ ಹಡಗುಗಳು ಆಫ್ರಿಕವನ್ನೇ ಬಳಸಿ ಹೋಗಬೇಕಾಯಿತು. ದಿನಗಳು ಹೆಚ್ಚಿದವು, ಸಾಗಣೆಯ ವೆಚ್ಚ ಏರಿತು. ದೂರದ ಜಲಮಾರ್ಗ ಕಟ್ಟಿದರೆ ಅದರ ಬಿಸಿ ನಮ್ಮ ಮನೆಯ ಒಲೆಗೂ ತಟ್ಟುತ್ತದೆ.

ಬಾಲಮಿತ್ರರೇ, ನಮ್ಮ ಹಡಗಿಗೆ ಬೇಕಾದ ದಾರಿಯನ್ನು ಇತರರ ಹಡಗಿಗೂ ಬಿಡುವುದೇ ಈ ಸ್ವಾತಂತ್ರ್ಯದ ತಿರುಳು. ರಹದಾರಿಯ ಕಾಲವನ್ನು ಕಂಡ ನಾಡು ಇದನ್ನು ಮರೆಯಲಾಗದು.