ಬಿಗಿ ಆದದ್ದೆಲ್ಲ ಭದ್ರ ಅಲ್ಲ, ತಮ್ಮಾ

ತಮ್ಮಾ, ಕಾರ್ಬನ್ ರೋಡ್ ಬೈಕು ತಗೊಂಡದ್ದು ಕೇಳಿ ಸಂತೋಷ ಆಯಿತು. ಸೆಕೆಂಡ್‌ಹ್ಯಾಂಡ್ ಆದರೇನು, ಓಡಿಸುವ ಕಾಲು ಹೊಸದಿದ್ದರೆ ಸಾಕು. ಹ್ಯಾಂಡಲ್ ಎತ್ತರ ಆಯಿತು, ಫೋರ್ಕಿನ ಸ್ಟಿಯರರ್ ಕೊಳವೆ ಕತ್ತರಿಸಿ, ಹ್ಯಾಂಡಲ್ ಹಿಡಿಯುವ ಸ್ಟೆಮ್ ಕೆಳಗಿಳಿಸಬೇಕು ಅಂದೆ, ಅದೂ ಸರಿಯೇ. ಒಳಗಿನ ಎಕ್ಸ್‌ಪಾಂಡರ್ ಪ್ಲಗ್ ಜಾರುತ್ತಿದೆ, ಅದನ್ನು ಎಸೆದು ಹಳೆಯ ಸೈಕಲ್ಲಿನ ಸ್ಟಾರ್ ನಟ್ ಬಡಿದು ಕೂರಿಸುತ್ತೇನೆ ಅಂದೆಯಲ್ಲ, ಅಲ್ಲಿ ಸ್ವಲ್ಪ ನಿಲ್ಲು. ಸುತ್ತಿಗೆ ಕೆಳಗಿಟ್ಟು ಕೇಳು.

ಸ್ಟಾರ್ ನಟ್ ಇರುವುದು ಉಕ್ಕಿನ, ಅಲ್ಯೂಮಿನಿಯಂ ಕೊಳವೆಗಳಿಗೆ. ಅದರ ಹಲ್ಲುಗಳು ಒಳಗೋಡೆಯನ್ನು ಗೀರಿಕೊಂಡು ಇಳಿದು ಅಲ್ಲೇ ಕಚ್ಚಿ ಕೂರುತ್ತವೆ. ಲೋಹ ಆ ಗೀರನ್ನು ತಡೆದುಕೊಳ್ಳುತ್ತದೆ. ಕಾರ್ಬನ್ ಅಂದರೆ ಕೂದಲಿಗಿಂತ ಸಣ್ಣ ಎಳೆಗಳನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಕಟ್ಟಿದ ಗೋಡೆ. ಬಿದಿರಿನ ಹಾಗೆ ಅಂತಿಟ್ಟುಕೋ: ಬಾಗಿಸಿದರೆ ತಾಳುತ್ತದೆ, ಒಳಗಿನಿಂದ ಬೆಣೆ ಹೊಡೆದರೆ ಉದ್ದಕ್ಕೂ ಸೀಳುತ್ತದೆ. ಕಾರ್ಬನ್ ಸ್ಟಿಯರರ್‌ಗೆ ಸ್ಟಾರ್ ನಟ್ ಹೊಡೆಯಲೇ ಬಾರದು. ಇದರಲ್ಲಿ ಆದರೆ ಗೀದರೆ ಇಲ್ಲ.

ಬೆಣೆಯ ಕೆಲಸ ನಮಗೆ ಹೊಸದೇನಲ್ಲ. ಊರಿನ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ಲುಗಳ ಹ್ಯಾಂಡಲ್ ಎತ್ತರಿಸುವಾಗ ನಡುವಿನ ಬೋಲ್ಟ್ ಸಡಿಲಿಸಿ ಅದರ ತಲೆಗೊಂದು ಏಟು ಕೊಡುತ್ತಿದ್ದೆವು, ಒಳಗೆ ಕಚ್ಚಿಕೊಂಡ ಬೆಣೆ ಕಳಚಲಿ ಅಂತ. ನಿನ್ನ ಪ್ಲಗ್ಗಿನದೂ ಅದೇ ಉಪಾಯ: ಬೋಲ್ಟ್ ತಿರುಗಿಸಿದಂತೆ ಬೆಣೆ ಮೇಲೇರುತ್ತದೆ, ಸೀಳಿದ ತೋಳು ಅಗಲವಾಗಿ ಕೊಳವೆಯ ಒಳಗೋಡೆಗೆ ಒತ್ತುತ್ತದೆ. ಆದರೆ ಹಳೆಯ ಸೈಕಲ್ಲಿನಲ್ಲಿ ಹ್ಯಾಂಡಲನ್ನು ಹಿಡಿದಿದ್ದದ್ದೇ ಆ ಬೆಣೆ. ಅದು ಸಡಿಲವಾದರೆ ಚಕ್ರ ಒಂದು ಕಡೆ, ಹ್ಯಾಂಡಲ್ ಇನ್ನೊಂದು ಕಡೆ. ಹಾಗಾಗಿ ಪಾನಾ ಹಾಕಿ ಮೈಭಾರವನ್ನೆಲ್ಲ ಬಿಟ್ಟು ಬಿಗಿಯುವುದು ನಮ್ಮ ಕೈಗೆ ರೂಢಿಯಾಯಿತು. ಈಗಿನ ಸೈಕಲ್ಲಿಗೆ ಆ ರೂಢಿಯೇ ಶತ್ರು.

1990ರ ದಶಕದ ಆರಂಭದಲ್ಲಿ ಜಾನ್ ರೇಡರ್ ಅವರ ಪೇಟೆಂಟಿನಿಂದ ಅಹೆಡ್‌ಸೆಟ್ ಅನ್ನುವ ಹೊಸ ಬಗೆಯ ಹೆಡ್‌ಸೆಟ್ ಬಂದಮೇಲೆ ಲೆಕ್ಕವೇ ಬದಲಾಯಿತು. ಸ್ಟಿಯರರ್‌ಗೆ ತಿರುಪಿನ ಮರೆ (ಥ್ರೆಡ್) ಇಲ್ಲ, ಸ್ಟೆಮ್ ಅದನ್ನು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ. ಮೇಲಿನ ಟಾಪ್ ಕ್ಯಾಪಿನ ಬೋಲ್ಟು ಫೋರ್ಕನ್ನು ಮೇಲಕ್ಕೆ ಎಳೆದು ಬೇರಿಂಗಿನ ಆಟ ತೆಗೆಯುವವರೆಗೆ ಮಾತ್ರ ಬೇಕು. ಸ್ಟೆಮ್ ಬೋಲ್ಟುಗಳನ್ನು ಬಿಗಿದ ಮೇಲೆ ಹಿಡಿತವೆಲ್ಲ ಅವುಗಳದೇ. ಹಾಗಾದರೆ ಪ್ಲಗ್ ಒಳಗೆ ಯಾಕೆ ಇರಬೇಕು ಅಂತ ಕೇಳುತ್ತೀಯ. ಎಳೆಯುವುದಕ್ಕೆ ಆಧಾರ ಕೊಡುವುದು ಅದರ ಸಣ್ಣ ಕೆಲಸ. ಸ್ಟೆಮ್ ಹೊರಗಿನಿಂದ ಹಿಸುಕುವಾಗ ಟೊಳ್ಳು ಕೊಳವೆ ನೆಗ್ಗದಂತೆ ಒಳಗಿನಿಂದ ಒತ್ತು ಕೊಡುವುದು ದೊಡ್ಡ ಕೆಲಸ. ಬೇರಿಂಗ್ ಸರಿಯಾಯಿತಲ್ಲ ಅಂತ ಪ್ಲಗ್ ತೆಗೆದು, ತೂಕ ಉಳಿಸಿದೆ ಅಂತ ಹೆಮ್ಮೆಪಡುವವರೂ ಇದ್ದಾರೆ. ಕೆಲವೇ ಗ್ರಾಂ ತೂಕಕ್ಕೆ ಅವರು ಪಣಕ್ಕಿಡುತ್ತಿರುವುದು ತಮ್ಮ ಹಲ್ಲುಗಳನ್ನು.

ಇದು ತಲೆಯಲ್ಲಿದ್ದರೆ ಯಾವ ಪ್ಲಗ್ ಕೊಳ್ಳಬೇಕು ಅನ್ನುವುದು ತಾನೇ ಇತ್ಯರ್ಥವಾಗುತ್ತದೆ. ಫೋರ್ಕ್ ಮಾಡಿದವರೇ ಅದಕ್ಕೆಂದು ಹೇಳಿದ ಪ್ಲಗ್ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಒಳ ಅಳತೆ ತಗೋ. ಈಗಿನ ಸ್ಟಿಯರರ್‌ಗಳ ಮೇಲ್ಭಾಗದ ಹೊರ ವ್ಯಾಸ ಸಾಮಾನ್ಯವಾಗಿ 28.6 ಮಿಲಿಮೀಟರ್, ಗೋಡೆಯ ದಪ್ಪ ಮಾತ್ರ ಒಬ್ಬೊಬ್ಬರದು ಒಂದೊಂದು, ಹಾಗಾಗಿ ಒಳ ವ್ಯಾಸ ಒಂದೇ ಇರುವುದಿಲ್ಲ. ವರ್ನಿಯರ್ ಹಾಕಿ ನೋಡು. ನಿನ್ನ ಪ್ಲಗ್ ಜಾರುತ್ತಿರುವುದೂ ಇದೇ ಕಾರಣಕ್ಕೆ ಇರಬಹುದು: ಸಣ್ಣ ಅಳತೆಯ ಪ್ಲಗ್ ಕೊನೆಯವರೆಗೆ ಅರಳಿದರೂ ಗೋಡೆಯನ್ನು ಪೂರ್ತಿ ಮುಟ್ಟುವುದಿಲ್ಲ, ಒಂದೆರಡು ಅಂಚಿನಲ್ಲಿ ಮಾತ್ರ ಒತ್ತುತ್ತದೆ. ಉದ್ದವೂ ಮುಖ್ಯ. ಸ್ಟೆಮ್ ಹಿಡಿಯುವ ಜಾಗ ಸುಮಾರು 40 ಮಿಲಿಮೀಟರ್ ಎತ್ತರ ಇರುತ್ತದೆ. ಪ್ಲಗ್ಗಿನ ಅರಳುವ ಭಾಗ ಅಷ್ಟನ್ನೂ ಒಳಗಿನಿಂದ ತುಂಬಬೇಕು. ಹೆಬ್ಬೆರಳಿನಷ್ಟು ಗಿಡ್ಡ ಪ್ಲಗ್‌ಗಳು ಅಗ್ಗಕ್ಕೆ ಸಿಗುತ್ತವೆ. ಬೇರಿಂಗ್ ಎಳೆಯುತ್ತವೆ, ಕೊಳವೆ ಕಾಯುವುದಿಲ್ಲ.

ಕತ್ತರಿಸುವುದರಲ್ಲಿ ಅವಸರ ಬೇಡ. ಸ್ಪೇಸರ್ ಬಳೆಗಳು, ಸ್ಟೆಮ್ ಎಲ್ಲ ಏರಿಸಿ, ಸ್ಟೆಮ್ ಮೇಲೂ 5 ಮಿಲಿಮೀಟರಿನ ಒಂದು ಸ್ಪೇಸರ್ ಇಟ್ಟು, ಅದರ ಮೇಲ್ತುದಿಗಿಂತ ಸುಮಾರು 3 ಮಿಲಿಮೀಟರ್ ಕೆಳಗೆ ಗುರುತು ಹಾಕು. ಮೇಲಿನ ಆ ಸ್ಪೇಸರ್ ಇದ್ದರೆ ಸ್ಟೆಮ್ಮಿನ ಪೂರ್ತಿ ಹಿಡಿತ ಕೊಳವೆಯ ಮೇಲೇ ಬೀಳುತ್ತದೆ, ಕತ್ತರಿಸಿದ ಅಂಚಿನ ಮೇಲೆ ಅಲ್ಲ. ಇಲ್ಲಿ ಹಲವರು ಮರೆಯುವ ಒಂದು ವಿಷಯ ಇದೆ. ಪ್ಲಗ್ಗಿಗೆ ಮೇಲೊಂದು ಅಂಚು ಇರುತ್ತದೆ. ಪ್ಲಗ್ ಒಳಗೆ ಬೀಳದಂತೆ ಆ ಅಂಚು ಕೊಳವೆಯ ತುದಿಯಲ್ಲಿ ಕೂರುತ್ತದೆ. ಅದರ ದಪ್ಪವನ್ನೂ ಲೆಕ್ಕಕ್ಕೆ ಹಿಡಿ. ಇಲ್ಲದಿದ್ದರೆ ಟಾಪ್ ಕ್ಯಾಪ್ ಸ್ಪೇಸರ್ ಒತ್ತುವ ಬದಲು ಪ್ಲಗ್ ಮೇಲೇ ಕೂತು, ಎಷ್ಟು ತಿರುಗಿಸಿದರೂ ಬೇರಿಂಗಿನ ಆಟ ಹೋಗುವುದಿಲ್ಲ. ಆಮೇಲೆ ನೀನು ಪ್ಲಗ್ಗನ್ನು ಬಯ್ಯುತ್ತೀಯ. ಇನ್ನೊಂದು: ಸ್ಟೆಮ್ ಕೆಳಗೆ ಎಷ್ಟು ಎತ್ತರ ಸ್ಪೇಸರ್ ಇಡಬಹುದು ಅನ್ನುವುದಕ್ಕೂ ಫೋರ್ಕಿನವರ ಮಿತಿ ಇರುತ್ತದೆ, ನೋಡಿಕೋ.

ಗುರುತಿನ ಸುತ್ತ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ಗೈಡ್ ಇಟ್ಟು ನಿಧಾನ ಕೊಯ್ಯಿ. ಬ್ಲೇಡಿಗೂ ಕೊಯ್ಯುವ ಜಾಗಕ್ಕೂ ನೀರು ಹಚ್ಚು, ಮಾಸ್ಕ್ ಹಾಕು. ಕಾರ್ಬನ್ ಪುಡಿ ಶ್ವಾಸಕ್ಕೆ ಹೋಗಬಾರದು, ಚರ್ಮಕ್ಕೂ ತುರಿಕೆ. ನಿಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಂತೂ ಮಾಡಬೇಡ, ಮನೆಯವರು ಬಯ್ದರೆ ನಾನು ಅವರ ಕಡೆ. ಕೊಯ್ದ ಮೇಲೆ ನಯವಾದ ಎಮರಿ ಕಾಗದದಲ್ಲಿ ಒಳಹೊರಗಿನ ಅಂಚು ಉಜ್ಜಿ, ಎಳೆ ಬಿಚ್ಚದಂತೆ ತೆಳುವಾಗಿ ಸೂಪರ್ ಗ್ಲೂ ಸವರು.

ಈಗ ಜಾರುವುದರ ವಿಷಯ. ಪ್ಲಗ್ ಜಾರಿದರೆ ಎಲ್ಲರೂ ಮೊದಲು ಮಾಡುವುದು ಇನ್ನಷ್ಟು ಬಿಗಿಯುವುದು, ಎಂದೂ ಮಾಡಬಾರದ್ದು ಅದೇ. ಮೊದಲು ಒಳಗೆ ಬೆರಳಾಡಿಸಿ ನೋಡು. ಹಿಂದಿನ ಮಾಲೀಕ ಲೋಹದ ಅಭ್ಯಾಸದಲ್ಲಿ ಒಳಗೆಲ್ಲ ಗ್ರೀಸು ಬಳಿದಿರಬಹುದು. ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಕೊಳವೆಯ ಒಳಗೂ ಪ್ಲಗ್ಗಿನ ಹೊರಗೂ ಒರೆಸಿ ಒಣಗಿಸು. ಅಚ್ಚಿನಿಂದ ಬಂದ ರಾಳದ ಗಂಟು ಇದ್ದರೆ ಅದನ್ನು ಮಾತ್ರ ಮೆಲ್ಲಗೆ ತೀಡು, ಎಳೆ ಕಾಣುವಷ್ಟು ಅಲ್ಲ. ಗ್ರೀಸು ಬೇಕಾಗಿರುವುದು ಪ್ಲಗ್ಗಿನ ಬೋಲ್ಟಿನ ಮರೆಗೆ ಮತ್ತು ಬೆಣೆ ಜಾರುವ ಇಳಿಜಾರಿಗೆ. ಅಲ್ಲಿ ಒಣಗಿದ್ದರೆ ತಿರುವಿದ ಬಲವೆಲ್ಲ ಘರ್ಷಣೆಗೇ ಹೋಗಿ, ವ್ರೆಂಚ್ ಬಿಗಿ ತೋರಿಸುತ್ತದೆ, ತೋಳು ಅರಳಿರುವುದಿಲ್ಲ. ಗೋಡೆಗೆ ತಾಗುವ ಹೊರಮೈಗೆ ಕಾರ್ಬನ್ ಪೇಸ್ಟ್ ತೆಳುವಾಗಿ ಸವರಬಹುದು, ಪ್ಲಗ್ಗಿನವರು ಬೇಡ ಅಂದಿರದಿದ್ದರೆ. ಮರಳಿನಂಥ ಅದರ ಕಣಗಳಿಂದ ಕಡಿಮೆ ಬಿಗಿಯಲ್ಲೇ ಹಿಡಿತ ಸಿಗುತ್ತದೆ.

ಟಾರ್ಕ್ ವ್ರೆಂಚ್ ಇಲ್ಲದೆ ಮುಂದೆ ಹೋಗಬೇಡ. ಉಕ್ಕು ಮಣಿಯುವ ಮೊದಲು ಕೈಗೆ ತಿಳಿಯುತ್ತದೆ, ಕಾರ್ಬನ್ ಹೇಳುವುದಿಲ್ಲ. ಪ್ಲಗ್ಗಿನ ಮೇಲೋ ಕಾಗದದಲ್ಲೋ ಬರೆದ ಅಂಕಿ ನೋಡು. ಹಲವು ಪ್ಲಗ್‌ಗಳಿಗೆ ಅದು 5ರಿಂದ 8 ನ್ಯೂಟನ್ ಮೀಟರ್, ಕೆಲವಕ್ಕೆ ಬೇರೆ. ಪಕ್ಕದ ಸೈಕಲ್ಲಿನವನ ಅಂಕಿ ನಿನಗೆ ಬೇಡ. ಪ್ಲಗ್ ಕೂತ ಮೇಲೆ ಸ್ಪೇಸರ್, ಸ್ಟೆಮ್ ಏರಿಸಿ ಟಾಪ್ ಕ್ಯಾಪ್ ಹಾಕು. ಸ್ಟೆಮ್ಮಿನ ಪಕ್ಕದ ಬೋಲ್ಟುಗಳು ಈಗ ಸಡಿಲವಾಗಿರಲೇಬೇಕು. ಅವು ಬಿಗಿಯಾಗಿದ್ದರೆ ಟಾಪ್ ಕ್ಯಾಪ್ ಎಳೆಯುವುದು ಬೇರಿಂಗನ್ನಲ್ಲ, ಪ್ಲಗ್ಗನ್ನು. ಜಾರುವ ಪ್ಲಗ್‌ಗಳಲ್ಲಿ ಎಷ್ಟೋ ಇದರಿಂದಲೇ ಜಾರಿರುತ್ತವೆ ಅಂತ ನನ್ನ ಗುಮಾನಿ. ಕ್ಯಾಪ್ ಬೋಲ್ಟಿಗೆ ಒಂದೆರಡು ನ್ಯೂಟನ್ ಮೀಟರ್ ಸಾಕಾಗುತ್ತದೆ, ಅಲೆನ್ ಕೀಯನ್ನು ಎರಡು ಬೆರಳಲ್ಲಿ ತಿರುಗಿಸಿದಷ್ಟು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸು, ಇನ್ನೊಂದು ಕೈ ಹೆಡ್‌ಸೆಟ್ ಮೇಲಿರಲಿ. ಟಕ್ ಅಂದರೆ ಇನ್ನು ಸ್ವಲ್ಪ ತಿರುವು. ಮುಂಚಕ್ರ ಎತ್ತಿದಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ಹೊರಳಬೇಕು. ಅಂಟಿಕೊಂಡಂತೆ ನಿಂತರೆ ಬಿಗಿ ಜಾಸ್ತಿ. ಆಮೇಲೆ ಸ್ಟೆಮ್ ನೇರ ಮಾಡಿ, ಎರಡೂ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ, ಸ್ಟೆಮ್ ಮೇಲೆ ಬರೆದ ಅಂಕಿಯವರೆಗೆ ಬಿಗಿ. ಸ್ಟೆಮ್ಮಿನ ಅಂಕಿ ಒಂದು, ಫೋರ್ಕಿನ ಅಂಕಿ ಇನ್ನೊಂದು ಇದ್ದರೆ ಕಡಿಮೆ ಇರುವುದೇ ನಿನ್ನದು.

ನಂದಿ ಬೆಟ್ಟಕ್ಕೆ ಹೋಗುವ ಮೊದಲು ಮನೆಯ ಹತ್ತಿರದ ರೋಡ್ ಹಂಪ್‌ಗಳ ಮೇಲೆ ಒಂದು ಸುತ್ತು ಓಡಿಸಿ ಬಂದು ಬಿಗಿ ಮತ್ತೆ ನೋಡು. ಕೋಣೆಯಲ್ಲಿ ಟ್ರೈನರ್ ಮೇಲೆ ತುಳಿಯುವ ಅಭ್ಯಾಸ ಇದ್ದರೆ ಹ್ಯಾಂಡಲ್ ಮೇಲೆ ಟವೆಲ್ ಹಾಕಿಕೋ. ಬೆವರಿನ ಉಪ್ಪು ಕ್ಯಾಪ್ ಸಂದಿಯಿಂದ ಇಳಿದು ಅಲ್ಯೂಮಿನಿಯಂ ಪ್ಲಗ್ಗನ್ನು ಕಾರ್ಬನ್ನಿಗೆ ಹಿಡಿಸಿಬಿಡುತ್ತದೆ. ವರ್ಷಕ್ಕೊಮ್ಮೆಯಾದರೂ ಪ್ಲಗ್ ಬಿಚ್ಚಿ ತೆಗೆ. ಬೋಲ್ಟ್ ಸಡಿಲಿಸಿದ ಮೇಲೂ ಬೆಣೆ ಕಳಚದಿದ್ದರೆ ಅದರ ತಲೆಗೆ ಮೆಲ್ಲಗೆ ತಟ್ಟು. ಸುತ್ತಿಗೆಗೆ ಇಲ್ಲಿ ಇಷ್ಟೇ ಅವಕಾಶ.

ಬಿದ್ದರಂತೂ ಬಿಚ್ಚಿ ನೋಡದೆ ಹತ್ತಬೇಡ. 2006ರ ಪ್ಯಾರಿಸ್-ರೂಬೇ ಸೈಕಲ್ ಸ್ಪರ್ಧೆಯಲ್ಲಿ ಜಾರ್ಜ್ ಹಿಂಕಾಪಿಯವರ ಸ್ಟಿಯರರ್ ಕಲ್ಲುಹಾಸಿನ ದಾರಿಯಲ್ಲಿ ಮುರಿದು ಹ್ಯಾಂಡಲ್ ಕೈಗೇ ಬಂತು, ಬಿದ್ದು ಭುಜಕ್ಕೆ ಪೆಟ್ಟಾಯಿತು. ಅದೇ ಓಟದಲ್ಲಿ ಅದಕ್ಕೂ ಮುಂಚೆ ಅವರು ಒಮ್ಮೆ ಬಿದ್ದಿದ್ದರು. ಆ ಸ್ಟಿಯರರ್ ಅಲ್ಯೂಮಿನಿಯಂ; ಕಾರ್ಬನ್ ಅದಕ್ಕಿಂತ ಹೆಚ್ಚು ಮುನ್ಸೂಚನೆ ಕೊಡುತ್ತದೆ ಅಂತ ಯಾರೂ ಹೇಳಲಾರರು. ಸ್ಟೆಮ್ಮಿನ ಕೆಳ ಅಂಚು ಕೂರುವ ಜಾಗದಲ್ಲಿ ಸುತ್ತಲೂ ಟಾರ್ಚ್ ಹಾಕಿ ನೋಡು, ಒಳಗೂ ನೋಡು. ಬಣ್ಣದ ಗೀರೋ ಬಿರುಕೋ ಅನುಮಾನ ಬಂದರೆ ಉಗುರು ಆಡಿಸು. ಉಗುರು ಸಿಕ್ಕಿಕೊಂಡರೆ, ಅಥವಾ ನಾಣ್ಯದಿಂದ ತಟ್ಟಿದಾಗ ಒಂದು ಕಡೆ ಸದ್ದು ಮಂಕಾದರೆ, ಆ ಫೋರ್ಕಿನ ಆಯಸ್ಸು ಮುಗಿಯಿತು. ಆಗ ಹೊಸದು ತಗೋ, ದುಡ್ಡು ಕಡಿಮೆ ಬಿದ್ದರೆ ನನಗೆ ಹೇಳು. ಹಳೆಯದನ್ನು ಗುಜರಿಗೆ ಹಾಗೇ ಹಾಕಬೇಡ. ಗರಗಸ ಕೈಯಲ್ಲಿದೆಯಲ್ಲ, ಎರಡು ತುಂಡು ಮಾಡಿ ಹಾಕು. ಚೆನ್ನಾಗೇ ಇದೆ ಅಂತ ಯಾವನಾದರೂ ಎತ್ತಿ ತನ್ನ ಸೈಕಲ್ಲಿಗೆ ಹಾಕಿಕೊಂಡಾನು.